ಕಾಲಂ ಅನ್ನು ಹೆಸರು ಹಿಡಿದು ಕರೆಯಿರಿ

ಎಕ್ಸೆಲ್‌ನಲ್ಲಿ ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ಮಾಡಿಸುವ ಚಿಕ್ಕ ಕೋಡ್, ಬರೆಯಲು ಈಗಷ್ಟೇ ಕೈ ಹಾಕಿದವರ ಮುಂದೆ ನಾನು ಆಡಿದ ಮಾತುಗಳ ಬರಹ ರೂಪ ಇದು. ಕೋಡ್ ಸಾಲುಗಳನ್ನು ಅಲ್ಲಿ ಬಾಯಲ್ಲಿ ಓದಿ ಹೇಳಿದ ಹಾಗೆಯೇ ಇಲ್ಲೂ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಕೈಯಲ್ಲೇ ಆದ ಒಂದು ಯಡವಟ್ಟನ್ನು ಹೇಳಿಬಿಡುತ್ತೇನೆ. ಉಳಿದ ಮಾತೆಲ್ಲ ಅದರಿಂದಲೇ ಹುಟ್ಟಿದ್ದು.

ನಾನು ಕೆಲಸ ಮಾಡುತ್ತಿದ್ದ ಕಡೆ ವಾರಕ್ಕೊಮ್ಮೆ ಒಂದು ದಾಸ್ತಾನು ಪಟ್ಟಿ ಬರುತ್ತಿತ್ತು. ಅದನ್ನು ಓದುವ ಹಾಗೆ ಸಿದ್ಧ ಮಾಡಿ ಮುಂದಕ್ಕೆ ಕಳಿಸುವುದು ನನ್ನ ಪಾಲಿನ ಕೆಲಸ. ಡಿ ಕಾಲಂನಲ್ಲಿ ಎಣಿಕೆ, ಇ ಕಾಲಂನಲ್ಲಿ ದಿನಾಂಕ, ಎಫ್ ಕಾಲಂನಲ್ಲಿ ತೂಕ. ಪ್ರತಿ ವಾರ ಅದೇ ಅಗಲ, ಅದೇ ಬಣ್ಣ, ಅದೇ ದಿನಾಂಕದ ರೂಪ. ಕೈಯಲ್ಲಿ ಮಾಡಿ ಮಾಡಿ ಸಾಕಾಗಿ ಒಂದು ಮ್ಯಾಕ್ರೋ ಬರೆದೆ. ಇ ಕಾಲಂಗೆ ದಿನಾಂಕದ ರೂಪ ಕೊಡು, ಎಫ್ ಕಾಲಂಗೆ ಎರಡು ದಶಮಾಂಶ ಕೊಡು, ಇಷ್ಟೇ. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು.

ಒಂದು ವಾರ ಪಟ್ಟಿ ಕಳಿಸುವವರು ಎಣಿಕೆಗೆ ಮುಂಚೆ ಹೊಸದೊಂದು ಕಾಲಂ ಸೇರಿಸಿದರು. ಅವರಿಗೆ ಬೇಕಿತ್ತು, ಸೇರಿಸಿದರು. ತಪ್ಪೇನಿಲ್ಲ. ಎಣಿಕೆ ಇ ಕಾಲಂಗೆ ಸರಿಯಿತು, ದಿನಾಂಕ ಎಫ್‌ಗೆ ಹೋಯಿತು. ನನ್ನ ಮ್ಯಾಕ್ರೋ ಒಂದು ಮಾತೂ ಆಡದೆ ಎಣಿಕೆಗೆ ದಿನಾಂಕದ ರೂಪ ಕೊಟ್ಟಿತು. 45 ಚೀಲ ಇದ್ದ ಕಡೆ 14-02-1900 ಎಂದು ಕಂಡಿತು. ದಿನಾಂಕ ಇದ್ದ ಕಡೆ 45292.00 ಎಂದು ಬಂತು. ಅದು 2024ರ ಜನವರಿ 1. ಎಕ್ಸೆಲ್ ಒಳಗೆ ದಿನಾಂಕವೆಂದರೆ 1900ರ ಜನವರಿ 1ರಿಂದ ಎಣಿಸಿದ ದಿನಗಳ ಸಂಖ್ಯೆ, ಅಷ್ಟೇ. ನಾನು ತೆರೆದು ನೋಡದೆ ಕಳಿಸಿಬಿಟ್ಟಿದ್ದೆ.

ಒಂದು ಸೆಲ್‌ನಲ್ಲಿ 29-02-1900 ಎಂದಿತ್ತು. ಅಲ್ಲಿ ನಿಜವಾಗಿ ಇದ್ದದ್ದು 60. ಗಮನಿಸಿ, ಅಂಥ ದಿನವೇ ಇರಲಿಲ್ಲ. 1900 ಅಧಿಕ ವರ್ಷವಲ್ಲ. ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ತಂತ್ರಾಂಶ ಅದನ್ನು ಅಧಿಕ ವರ್ಷವೆಂದು ಲೆಕ್ಕ ಹಾಕುತ್ತಿತ್ತು. ಅದರ ಫೈಲ್‌ಗಳು ಹೊಂದಿಕೊಳ್ಳಲಿ ಎಂದು ಎಕ್ಸೆಲ್ ಕೂಡ ಆ ತಪ್ಪನ್ನು ಹಾಗೇ ಉಳಿಸಿಕೊಂಡಿತು. ಆದರೆ ಮ್ಯಾಕ್ರೋ ಬರೆಯುವ ವಿಬಿಎ ಭಾಷೆಯ ಕ್ಯಾಲೆಂಡರ್‌ನಲ್ಲಿ ಈ ತಪ್ಪಿಲ್ಲ. ಅದೇ 60 ಅಲ್ಲಿ 28-02-1900. ಮಾರ್ಚ್ 1ರಿಂದ ಮುಂದೆ ಎರಡೂ ಒಂದೇ ಲೆಕ್ಕಕ್ಕೆ ಬರುತ್ತವೆ. ನಮ್ಮ ದಿನನಿತ್ಯದ ಕೆಲಸಕ್ಕೆ ಇದು ಅಡ್ಡ ಬರುವುದಿಲ್ಲ. ಆದರೆ ಶೀಟ್ ಮತ್ತು ಕೋಡ್ ಎರಡು ಬೇರೆ ಲೋಕಗಳು ಎನ್ನುವುದಕ್ಕೆ ಇದು ಒಳ್ಳೆಯ ಗುರುತು.

ನನ್ನ ಯಡವಟ್ಟಿನ ಮೂಲವೂ ಅದೇ. ಅದೇ ಶೀಟ್‌ನಲ್ಲಿ ಡಿ ಕಾಲಂನ ಮೊತ್ತ ಹಾಕುವ ಒಂದು ಸೂತ್ರವೂ ಇತ್ತು. ಹೊಸ ಕಾಲಂ ಬಂದಾಗ ಆ ಸೂತ್ರ ತಾನಾಗಿಯೇ ಇ ಎಂದು ಬದಲಾಗಿತ್ತು. ಮೊತ್ತ ಸರಿಯಾಗೇ ಇತ್ತು. ಸೂತ್ರದೊಳಗಿನ ಕಾಲಂ ಉಲ್ಲೇಖವನ್ನು ಎಕ್ಸೆಲ್ ಸದಾ ಕಾಯುತ್ತಿರುತ್ತದೆ. ಕೋಡ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ನಾವು ಬರೆದ ಇ ಮಾತ್ರ ಅದಕ್ಕೆ ಬರೀ ಅಕ್ಷರ. ಅದರೊಳಗೆ ಅದು ಇಣುಕಿ ನೋಡುವುದಿಲ್ಲ. ಮನೆ ಬದಲಾಯಿಸಿದವರನ್ನು ಹಳೆಯ ವಿಳಾಸದಲ್ಲೇ ಹುಡುಕಿದರೆ ಯಾರೋ ಬೇರೆಯವರು ಬಾಗಿಲು ತೆಗೆಯುತ್ತಾರೆ, ಅಲ್ವಾ? ಅಕ್ಷರ ಎನ್ನುವುದು ಕಾಲಂನ ವಿಳಾಸ. ಮೊದಲ ಅಡ್ಡಸಾಲಿನ ತಲೆಬರಹ ಎನ್ನುವುದು ಅದರ ಹೆಸರು. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ: ಹೊರಗಿಂದ ಬರುವ ಪಟ್ಟಿಯ ಮೇಲೆ ಓಡುವ ಮ್ಯಾಕ್ರೋದಲ್ಲಿ ಕಾಲಂ ಅನ್ನು ಹೆಸರಿನಿಂದ ಹುಡುಕಿ.

ಆದರೂ ವಿಳಾಸದಿಂದ ಕರೆಯುವ ಬಗೆಗಳು ಗೊತ್ತಿರಬೇಕು. ಬೇಗ ಹೇಳುತ್ತೇನೆ. ಕಾಲಮ್ಸ್ ಎಂದು ಬರೆದು ಬ್ರ್ಯಾಕೆಟ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ ಸಿ ಎಂದರೆ ಮೂರನೇ ಕಾಲಂ. ಉದ್ಧರಣ ಚಿಹ್ನೆ ಇಲ್ಲದೆ 3 ಎಂದರೂ ಅದೇ. ಸಿ ಕೋಲನ್ ಇ ಎಂದರೆ ಮೂರು ಕಾಲಂಗಳು ಒಟ್ಟಿಗೆ. ಪಕ್ಕಪಕ್ಕ ಇಲ್ಲದವು ಬೇಕಾದರೆ ಕಾಲಮ್ಸ್ ಒಪ್ಪುವುದಿಲ್ಲ. ಅಲ್ಲಿ ರೇಂಜ್ ಬೇಕು: ಎ ಕೋಲನ್ ಎ, ಕಾಮಾ, ಸಿ ಕೋಲನ್ ಸಿ. ಇಲ್ಲವೇ ಯೂನಿಯನ್ ಬಳಸಿ ಕೂಡಿಸಬಹುದು. ಒಂದು ಸೆಲ್ ಕೈಗೆ ಸಿಕ್ಕಿದ್ದರೆ ಅದರ ನಂತರ ಚುಕ್ಕೆ ಇಟ್ಟು ಎಂಟೈರ್‌ಕಾಲಮ್ ಎನ್ನಿ, ಆ ಸೆಲ್ ಇರುವ ಇಡೀ ಕಾಲಂ ಬರುತ್ತದೆ.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಒಳಗೆ ಸಂಖ್ಯೆಯೇ ಅನುಕೂಲ. ಝಡ್ ಆದ ಮೇಲೆ 27ನೇ ಕಾಲಂ ಎಎ ಆಗುತ್ತದೆ. ಅಕ್ಷರದಲ್ಲಿ ಎಣಿಸಲು ಹೋದರೆ ತಲೆನೋವು. ಸೆಲ್ಸ್ ಬರೆಯುವಾಗ ಮೊದಲು ಅಡ್ಡಸಾಲಿನ ಸಂಖ್ಯೆ, ಆಮೇಲೆ ಕಾಲಂ. ಬಾಯಲ್ಲಿ ನಾವು ಸಿ5 ಎಂದು ಕಾಲಂ ಮೊದಲು ಹೇಳುತ್ತೇವೆ, ಕೋಡ್‌ನಲ್ಲಿ ಅದು ತಿರುವುಮುರುವು. ಎಕ್ಸೆಲ್ ಥರದ್ದೇ ಕೆಲಸ ಮಾಡುವ ಲಿಬ್ರೆಆಫೀಸ್‌ನ ಸ್ವಂತ ಬೇಸಿಕ್ ಭಾಷೆಯಲ್ಲಿ ಸ್ಥಾನ ಹಿಡಿದು ಸೆಲ್ ತರುವಾಗ ಕಾಲಂ ಮೊದಲು, ಎಣಿಕೆಯೂ 0ಯಿಂದ ಶುರು. ಎರಡೂ ಕಡೆ ಕೆಲಸ ಮಾಡುವವರು ಇದನ್ನು ಒಂದು ಚೀಟಿಯಲ್ಲಿ ಬರೆದು ಮುಂದೆ ಅಂಟಿಸಿಕೊಳ್ಳಿ.

ಇನ್ನು ಯಾವ ಶೀಟ್? ಸುಮ್ನೆ ಕಾಲಮ್ಸ್ ಎಂದು ಮಾತ್ರ ಬರೆದರೆ ಸಾಮಾನ್ಯ ಮಾಡ್ಯೂಲ್‌ನಲ್ಲಿ, ಅಂದರೆ ಕೋಡ್ ಬರೆಯುವ ಪುಟದಲ್ಲಿ, ಅದು ಆ ಹೊತ್ತಿಗೆ ಮುಂದೆ ತೆರೆದಿರುವ ಶೀಟ್‌ನ ಕಾಲಂ. ಅದೇ ಸಾಲನ್ನು ಒಂದು ಶೀಟ್‌ನ ಒಳಗಿನ ಮಾಡ್ಯೂಲ್‌ನಲ್ಲಿ ಬರೆದರೆ ಆ ಶೀಟ್‌ನದು. ಹಾಗಾಗಿ ಯಾವಾಗಲೂ ಶೀಟ್ ಹೆಸರು ಸೇರಿಸಿ. ಅರ್ಧ ಸೇರಿಸಿ ಅರ್ಧ ಬಿಟ್ಟರೆ ಇನ್ನೂ ಕಷ್ಟ. ರೇಂಜ್‌ಗೆ ಶೀಟ್ ಹೆಸರು ಕೊಟ್ಟು ಅದರೊಳಗಿನ ಸೆಲ್ಸ್‌ಗೆ ಕೊಡದೆ ಬಿಟ್ಟರೆ, ಬೇರೆ ಶೀಟ್ ತೆರೆದಿರುವಾಗ 1004 ಎಂಬ ದೋಷ ಬರುತ್ತದೆ. ಮೊದಲ ಸಲ ಅದನ್ನು ಕಂಡವರು ಗಂಟೆಗಟ್ಟಲೆ ಹುಡುಕುತ್ತಾರೆ. ವಿತ್ ಎಂದು ಶುರು ಮಾಡಿ ಶೀಟ್ ಹೆಸರನ್ನು ಒಮ್ಮೆ ಹೇಳಿ, ಅದರೊಳಗೆ ರೇಂಜ್‌ಗೂ ಸೆಲ್ಸ್‌ಗೂ ಮೊದಲು ಚುಕ್ಕೆ ಹಾಕಿದರೆ ಮುಗಿಯಿತು.

ಕಾಲಂ ಎಲ್ಲಿಗೆ ಮುಗಿಯುತ್ತದೆ ಎನ್ನುವುದೂ ವಿಳಾಸದ ಪ್ರಶ್ನೆಯೇ. 2007ಕ್ಕೆ ಮುಂಚಿನ ಎಕ್ಸೆಲ್ ಶೀಟ್‌ನಲ್ಲಿ 256 ಕಾಲಂ, 65,536 ಅಡ್ಡಸಾಲು. ಕೊನೆಯ ಕಾಲಂ ಐವಿ. ಎಕ್ಸೆಲ್ 2007ರಿಂದ 16,384 ಕಾಲಂ, 10,48,576 ಅಡ್ಡಸಾಲು. ಕೊನೆಯ ಕಾಲಂ ಎಕ್ಸ್‌ಎಫ್‌ಡಿ. ಹಳೆಯ ಮ್ಯಾಕ್ರೋಗಳಲ್ಲಿ 65536 ಎಂದು ಕೈಯಾರೆ ಬರೆದ ಸಂಖ್ಯೆ ಇವತ್ತಿಗೂ ಸಿಗುತ್ತದೆ. ಪಟ್ಟಿ ಅದನ್ನು ದಾಟಿದ ದಿನ ಉಳಿದ ಸಾಲುಗಳು ಆ ಮ್ಯಾಕ್ರೋ ಪಾಲಿಗೆ ಇಲ್ಲವೇ ಇಲ್ಲ. ಈ ಮಿತಿ ಎಷ್ಟು ದೊಡ್ಡ ಹೊಡೆತ ಕೊಡಬಹುದು ಎನ್ನುವುದು 2020ರಲ್ಲಿ ಇಂಗ್ಲೆಂಡಿನಲ್ಲಿ ಗೊತ್ತಾಯಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ಅದೇ 65,536 ಸಾಲಿನ ಮಿತಿ ಇರುವ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲ್‌ಗೆ ಕೊರೊನಾ ಪರೀಕ್ಷೆಯ ಫಲಿತಾಂಶ ತುಂಬುತ್ತಿತ್ತು. ಫೈಲ್ ತುಂಬಿ ಹೋಯಿತು. 15,841 ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ತಡವಾಯಿತು.

ಕೊನೆಯ ಸಾಲು ಬೇಕಾದರೆ ಸಂಖ್ಯೆ ಬರೆಯಬೇಡಿ. ಸೆಲ್ಸ್, ಬ್ರ್ಯಾಕೆಟ್‌ನಲ್ಲಿ ರೋಸ್ ಚುಕ್ಕೆ ಕೌಂಟ್ ಮತ್ತು ಕಾಲಂ ಸಂಖ್ಯೆ, ಆಮೇಲೆ ಎಂಡ್, ಎಕ್ಸ್‌ಎಲ್‌ಅಪ್. ಶೀಟ್‌ನ ತಳದಿಂದ ಮೇಲೆ ಹತ್ತುತ್ತಾ ಮೊದಲು ಸಿಗುವ ತುಂಬಿದ ಸೆಲ್‌ನಲ್ಲಿ ನಿಲ್ಲುತ್ತದೆ. ಆ ಸಂಖ್ಯೆಯನ್ನು ಇಂಟಿಜರ್ ಎಂಬ ಬಗೆಯ ವೇರಿಯಬಲ್‌ನಲ್ಲಿ ಇಡಬೇಡಿ. ವಿಬಿಎ ಇಂಟಿಜರ್ 32,767ಕ್ಕೆ ನಿಂತುಹೋಗುತ್ತದೆ. ಲಾಂಗ್ ಬಳಸಿ.

ಈಗ ಹೆಸರಿಗೆ ಬರೋಣ. ಪಟ್ಟಿಯನ್ನು ನೀವೇ ಮಾಡುವುದಾದರೆ ಅದನ್ನು ಟೇಬಲ್ ಆಗಿ ಬದಲಾಯಿಸಿ, ಕಂಟ್ರೋಲ್ ಮತ್ತು ಟಿ ಒತ್ತಿದರೆ ಸಾಕು. ಕೋಡ್‌ನಲ್ಲಿ ಅದಕ್ಕೆ ಲಿಸ್ಟ್‌ಆಬ್ಜೆಕ್ಟ್ ಎನ್ನುತ್ತಾರೆ. ಲಿಸ್ಟ್‌ಕಾಲಮ್ಸ್ ಎಂದು ಬರೆದು ಬ್ರ್ಯಾಕೆಟ್‌ನಲ್ಲಿ ತಲೆಬರಹ ಕೊಟ್ಟರೆ ಆ ಕಾಲಂ ಎಲ್ಲೇ ಇದ್ದರೂ ಸಿಗುತ್ತದೆ. ಅದರ ಡೇಟಾಬಾಡಿರೇಂಜ್ ಎಂದರೆ ತಲೆಬರಹ ಬಿಟ್ಟು ಒಳಗಿನ ಸೆಲ್‌ಗಳು ಮಾತ್ರ. ಟೇಬಲ್ ಖಾಲಿ ಇದ್ದರೆ ಅದು ನಥಿಂಗ್, ಅಂದರೆ ಏನೂ ಇಲ್ಲ, ಎಂದಾಗಿರುತ್ತದೆ. ಮುಟ್ಟುವ ಮೊದಲು ನೋಡಿಕೊಳ್ಳಿ.

ಹೊರಗಿಂದ ಬರುವ ಪಟ್ಟಿ ಟೇಬಲ್ ಆಗಿರುವುದು ಕಡಿಮೆ. ಅಲ್ಲಿ ಮೊದಲ ಅಡ್ಡಸಾಲಿನಲ್ಲಿ ತಲೆಬರಹವನ್ನು ಹುಡುಕಬೇಕು. ಫೈಂಡ್ ಬಳಸಬಹುದು, ಆದರೆ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಅದು ಹಿಂದಿನ ಸಲದ ಹುಡುಕಾಟದ ಆಯ್ಕೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ನೀವು ಕೀಬೋರ್ಡ್‌ನಿಂದ ಹುಡುಕುವಾಗ ಹಾಕಿದ ಗುರುತೂ ಅದಕ್ಕೆ ನೆನಪಿರುತ್ತದೆ. ಎಲ್ಲ ಆಯ್ಕೆಗಳನ್ನೂ ಬರೆಯದಿದ್ದರೆ ನಿನ್ನೆ ಸಿಕ್ಕಿದ ಕಾಲಂ ಇವತ್ತು ಸಿಗದೆ ಹೋಗಬಹುದು.

ನಾನು ಮ್ಯಾಚ್ ಬಳಸುತ್ತೇನೆ. ಅಪ್ಲಿಕೇಶನ್ ಚುಕ್ಕೆ ಮ್ಯಾಚ್, ಒಳಗೆ ತಲೆಬರಹ, ಮೊದಲ ಅಡ್ಡಸಾಲು, ಕೊನೆಗೆ 0. ಸಿಕ್ಕರೆ ಕಾಲಂ ಸಂಖ್ಯೆ ಬರುತ್ತದೆ. ಸಿಗದಿದ್ದರೆ ದೋಷದ ಮೌಲ್ಯ ಬರುತ್ತದೆ, ಕೋಡ್ ನಿಲ್ಲುವುದಿಲ್ಲ. ಅದನ್ನು ಯಾವ ಬಗೆಯ ಮೌಲ್ಯವನ್ನಾದರೂ ಹಿಡಿಸುವ ವೇರಿಯಂಟ್‌ನಲ್ಲಿ ಹಿಡಿದು, ದೋಷವೇ ಎಂದು ಇಸ್‌ಎರರ್‌ನಿಂದ ಕೇಳಬೇಕು. ವರ್ಕ್‌ಶೀಟ್‌ಫಂಕ್ಷನ್ ಚುಕ್ಕೆ ಮ್ಯಾಚ್ ಎಂದು ಬರೆದರೆ ಮಾತ್ರ ಸಿಗದ ಕೂಡಲೇ ಕೋಡ್ ಮುರಿದು ನಿಲ್ಲುತ್ತದೆ. ನನಗೆ ಮೊದಲನೆಯದೇ ಇಷ್ಟ. ಬೇಕಾದ ಎಲ್ಲ ಕಾಲಂಗಳನ್ನೂ ಮೊದಲು ಹುಡುಕುತ್ತೇನೆ. ಒಂದು ಸಿಗದಿದ್ದರೂ ಯಾವುದು ಸಿಗಲಿಲ್ಲ ಎಂದು ಸಂದೇಶ ತೋರಿಸಿ ಅಲ್ಲೇ ನಿಲ್ಲಿಸುತ್ತೇನೆ. ಒಂದು ಸೆಲ್ ಕೂಡ ಆಗ ಬದಲಾಗಿರುವುದಿಲ್ಲ. ಮ್ಯಾಕ್ರೋ ಶೀಟ್ ಅನ್ನು ಬದಲಾಯಿಸಿದರೆ ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಅನ್‌ಡೂ ಪಟ್ಟಿ ಖಾಲಿಯಾಗುತ್ತದೆ, ಕಂಟ್ರೋಲ್ ಝಡ್ ಒತ್ತಿ ಹಿಂದೆ ಬರಲು ದಾರಿ ಇರುವುದಿಲ್ಲ. ಅರ್ಧ ರೂಪ ಕೊಟ್ಟು ಅರ್ಧಕ್ಕೆ ನಿಂತ ಶೀಟ್‌ಗಿಂತ ಮುಟ್ಟದೇ ಬಿಟ್ಟ ಶೀಟ್ ಸಾವಿರ ಪಾಲು ವಾಸಿ.

ಇಲ್ಲಿ ಕನ್ನಡದಲ್ಲಿ ತಲೆಬರಹ ಇಡುವವರಿಗೆ ಒಂದು ಮುಖ್ಯ ವಿಷಯ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶೀಟ್‌ನಲ್ಲಿ ಕನ್ನಡ ಚೆನ್ನಾಗಿ ಕೂರುತ್ತದೆ. ವಿಬಿಎ ಎಡಿಟರ್‌ನಲ್ಲಿ ಕೂರುವುದಿಲ್ಲ. ಆ ಎಡಿಟರ್, ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಮುಂಚಿನ ಕಾಲದ್ದು. ನೀವು ದಿನಾಂಕ ಎಂದು ಅಲ್ಲಿ ಅಂಟಿಸಿದರೆ ಆರು ಪ್ರಶ್ನೆ ಚಿಹ್ನೆಗಳಾಗಿ ಬದಲಾಗುತ್ತದೆ. ಆರು ಏಕೆಂದರೆ ದ, ಗುಣಿಸು, ನ, ದೀರ್ಘ, ಸೊನ್ನೆ, ಕ ಎಂದು ಒಳಗೆ ಆರು ಸಂಕೇತಗಳಿವೆ. ಇಷ್ಟೇ ಆಗಿದ್ದರೆ ಕಾಲಂ ಸಿಗಲಿಲ್ಲ ಎಂದು ಗೊತ್ತಾಗಿ ಸರಿ ಮಾಡಬಹುದಿತ್ತು. ಆದರೆ ಮ್ಯಾಚ್ ಪಾಲಿಗೆ ಪ್ರಶ್ನೆ ಚಿಹ್ನೆಗೆ ಬೇರೆ ಅರ್ಥ ಇದೆ. ಅದು ಯಾವುದಾದರೂ ಒಂದು ಅಕ್ಷರಕ್ಕೆ ಸಮ. ಆರು ಪ್ರಶ್ನೆ ಚಿಹ್ನೆ ಎಂದರೆ ಆರು ಸಂಕೇತಗಳಿರುವ ಯಾವ ತಲೆಬರಹವಾದರೂ ನಡೆಯುತ್ತದೆ. ವಿವರಣೆ ಎಂಬ ಪದವನ್ನು ಎಣಿಸಿ ನೋಡಿ. ಅದರಲ್ಲೂ ಆರೇ. ಪಟ್ಟಿಯಲ್ಲಿ ವಿವರಣೆ ಮೊದಲು ಬಂದು ದಿನಾಂಕ ಆಮೇಲೆ ಬಂದರೆ, ನಿಮ್ಮ ಮ್ಯಾಕ್ರೋ ವಿವರಣೆಯ ಕಾಲಂ ಅನ್ನೇ ದಿನಾಂಕ ಎಂದು ಹಿಡಿದುಕೊಳ್ಳುತ್ತದೆ. ದೋಷ ಇಲ್ಲ, ಸಂದೇಶ ಇಲ್ಲ.

ಕ್ರ್‌ಡಬ್ಲ್ಯೂ (ChrW) ಎಂದು ಕರೆಯುವ ಫಂಕ್ಷನ್‌ಗೆ ಒಂದೊಂದೇ ಸಂಕೇತದ ಸಂಖ್ಯೆ ಕೊಟ್ಟು ಪದ ಕಟ್ಟಬಹುದು. ದ ಅಕ್ಷರದ ಸಂಖ್ಯೆ 3238. ಹೀಗೆ ಬರೆದ ಕೋಡ್ ಅನ್ನು ಆರು ತಿಂಗಳ ನಂತರ ಓದಲು ಆಗುವುದಿಲ್ಲ. ಅದಕ್ಕಿಂತ ಒಳ್ಳೆಯ ದಾರಿ ಬೇರೆ ಇದೆ. ತಲೆಬರಹಗಳನ್ನು ಕೋಡ್‌ನಲ್ಲಿ ಬರೆಯಲೇಬೇಡಿ. ಮ್ಯಾಕ್ರೋ ಇರುವ ಫೈಲ್‌ನಲ್ಲೇ ಒಂದು ಚಿಕ್ಕ ಶೀಟ್ ಮಾಡಿ. ಮೊದಲ ಕಾಲಂನಲ್ಲಿ ತಲೆಬರಹ, ಎರಡನೆಯದರಲ್ಲಿ ಅದಕ್ಕೆ ಕೊಡಬೇಕಾದ ರೂಪ, ಮೂರನೆಯದರಲ್ಲಿ ಅಗಲ. ರೂಪದ ಕಾಲಂ ಪಠ್ಯವಾಗಿರಲಿ, ಇಲ್ಲದಿದ್ದರೆ ನೀವು 0.00 ಎಂದು ಬರೆದದ್ದು ಬರೀ 0 ಆಗಿ ಕೂರುತ್ತದೆ. ಮ್ಯಾಕ್ರೋ ಆ ಶೀಟ್‌ನ ಒಂದೊಂದು ಸಾಲನ್ನೂ ಓದಲಿ, ಆ ಹೆಸರಿನ ಕಾಲಂ ಅನ್ನು ಪಟ್ಟಿಯಲ್ಲಿ ಹುಡುಕಲಿ, ರೂಪ ಕೊಡಲಿ. ಶೀಟ್‌ನಿಂದ ಓದಿದ ಕನ್ನಡ ಪದ ವೇರಿಯಬಲ್‌ನಲ್ಲಿ ಕೆಡುವುದಿಲ್ಲ, ಹಾಗೇ ಇರುತ್ತದೆ. ಎಡಿಟರ್‌ನ ಪರದೆಯಲ್ಲಿ ಮಾತ್ರ ಅದಕ್ಕೆ ಕಷ್ಟ. ಶೀಟ್‌ನ ಹೆಸರೂ ಕನ್ನಡದಲ್ಲಿದ್ದರೆ ಅದರ ಕೋಡ್‌ನೇಮ್, ಅಂದರೆ ಕೋಡ್‌ನಲ್ಲಿ ಕರೆಯುವ ಹೆಸರು, ಬಳಸಿ. ಪ್ರಾಪರ್ಟೀಸ್ ಕಿಟಕಿಯಲ್ಲಿ ಅದನ್ನು ಬೇರೆಯಾಗಿ ಇಡಬಹುದು, ಯಾರಾದರೂ ಕೆಳಗಿನ ಟ್ಯಾಬ್ ಹೆಸರು ಬದಲಿಸಿದರೂ ಕೋಡ್ ಮುರಿಯುವುದಿಲ್ಲ.

ರೂಪ ಕೊಡುವ ವಿಷಯಕ್ಕೆ ಬಂದರೆ, ಮೊದಲು ಸೆಲೆಕ್ಟ್ ಬಿಡಿ. ಮ್ಯಾಕ್ರೋ ರೆಕಾರ್ಡರ್ ನಿಮ್ಮ ಕೈ ಮಾಡಿದ್ದನ್ನೆಲ್ಲ ಬರೆದುಕೊಳ್ಳುತ್ತದೆ, ಹಾಗಾಗಿ ಕಾಲಂ ಸೆಲೆಕ್ಟ್ ಮಾಡು, ಸೆಲೆಕ್ಷನ್‌ಗೆ ರೂಪ ಕೊಡು ಎಂದು ಎರಡು ಸಾಲು ಬರುತ್ತವೆ. ನೇರವಾಗಿ ಕಾಲಂಗೇ ರೂಪ ಕೊಡಬಹುದು. ವೇಗ ಜಾಸ್ತಿ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ವಿಲೀನಗೊಂಡ ಸೆಲ್‌ಗಳು. ಮೇಲೆ ಎ1ರಿಂದ ಎಫ್1ವರೆಗೆ ಮರ್ಜ್ ಮಾಡಿದ ಶೀರ್ಷಿಕೆ ಇದೆ ಎನ್ನಿ. ಸಿ ಕಾಲಂ ಸೆಲೆಕ್ಟ್ ಮಾಡಿದರೆ ಆಯ್ಕೆ ಹಿಗ್ಗಿ ಎಯಿಂದ ಎಫ್‌ವರೆಗೆ ಆರೂ ಕಾಲಂ ಸಿಕ್ಕಿಬೀಳುತ್ತವೆ. ಆಮೇಲೆ ಸೆಲೆಕ್ಷನ್‌ಗೆ ಕೊಟ್ಟ ರೂಪ ಆರಕ್ಕೂ ಬೀಳುತ್ತದೆ. ನೇರವಾಗಿ ಕೊಟ್ಟರೆ ಹೀಗಾಗುವುದಿಲ್ಲ. ಶೀರ್ಷಿಕೆ ನಡುವೆ ಬರಬೇಕೆಂದಷ್ಟೇ ಇದ್ದರೆ ಮರ್ಜ್ ಬೇಡವೇ ಬೇಡ. ಸೆಂಟರ್ ಅಕ್ರಾಸ್ ಸೆಲೆಕ್ಷನ್ ಎಂಬ ಜೋಡಣೆ ಇದೆ, ನೋಡಲು ಒಂದೇ ಥರ.

ಇಡೀ ಕಾಲಂಗೆ ಒಂದೇ ರೂಪ ಬೇಕಿದ್ದರೆ ಸೆಲ್ ಸೆಲ್ ಆಗಿ ಲೂಪ್ ಓಡಿಸಬೇಡಿ. ಒಂದು ಕಾಲಂ ಎಂದರೆ ಹತ್ತು ಲಕ್ಷಕ್ಕೂ ಜಾಸ್ತಿ ಸೆಲ್. ಒಂದೇ ಸಾಲಿನ ಕೋಡ್ ಸಾಕಾಗುತ್ತದೆ.

ಆಮೇಲೆ ಇದನ್ನು ಮನಸ್ಸಿನಲ್ಲಿಡಿ: ನಂಬರ್‌ಫಾರ್ಮ್ಯಾಟ್ ಕಾಣುವುದನ್ನು ಬದಲಿಸುತ್ತದೆ, ಇರುವುದನ್ನಲ್ಲ. ನನ್ನ ಪಟ್ಟಿಯಲ್ಲಿ 45 ಎಂದೂ 45 ಆಗಿಯೇ ಇತ್ತು, ರೂಪ ಮತ್ತೆ ಜನರಲ್ ಮಾಡಿದ ಕೂಡಲೇ ಮರಳಿ ಬಂತು. ಇದು ಸಮಾಧಾನದ ಸಂಗತಿ. ಇದರ ಇನ್ನೊಂದು ಮುಖ ಮಾತ್ರ ಕಾಡುತ್ತದೆ. ಪಠ್ಯವಾಗಿ ಕೂತಿರುವ 45ಕ್ಕೆ ಅಂಕಿಯ ರೂಪ ಕೊಟ್ಟರೆ ಅದು ಅಂಕಿಯಾಗುವುದಿಲ್ಲ. ಮೊತ್ತದಲ್ಲಿ ಸೇರುವುದಿಲ್ಲ. ಆ ಮೌಲ್ಯವನ್ನು ಮತ್ತೊಮ್ಮೆ ಬರೆಯಬೇಕು.

ಹಾಗೆಯೇ ಕ್ರಮವೂ ಮುಖ್ಯ. ಸೊನ್ನೆಯಿಂದ ಶುರುವಾಗುವ ಸಂಕೇತ ಸಂಖ್ಯೆಗಳು, 16 ಅಂಕಿಯ ಉದ್ದದ ಸಂಖ್ಯೆಗಳು ಇರುವ ಕಾಲಂಗೆ ಮೊದಲು ಪಠ್ಯದ ರೂಪ ಕೊಡಿ, ಅಂದರೆ ಅಟ್ ಚಿಹ್ನೆ (@). ಆಮೇಲೆ ಮೌಲ್ಯ ತುಂಬಿ. ಎಕ್ಸೆಲ್ ಅಂಕಿಯಲ್ಲಿ 15 ಸ್ಥಾನ ಮಾತ್ರ ಉಳಿಸಿಕೊಳ್ಳುತ್ತದೆ. 16ನೆಯದು ಸೊನ್ನೆಯಾಗುತ್ತದೆ. ಶುರುವಿನ ಸೊನ್ನೆಗಳು ಹೋಗಿಬಿಡುತ್ತವೆ. ಆಮೇಲೆ ಪಠ್ಯದ ರೂಪ ಕೊಟ್ಟರೂ ಹೋದದ್ದು ಬರುವುದಿಲ್ಲ. ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಎಕ್ಸೆಲ್ ದಿನಾಂಕವಾಗಿ ತಿರುಗಿಸುತ್ತಿದ್ದ ಮಾರ್ಚ್1, ಸೆಪ್ಟ್1 ಥರದ ಹೆಸರುಗಳನ್ನು ಅದು ಮಾರ್ಚ್‌ಎಫ್1, ಸೆಪ್ಟಿನ್1 ಎಂದು ಬದಲಿಸಿತು. ಒಂದು ಕಾಲಂನ ರೂಪಕ್ಕಾಗಿ ಜೀನ್‌ಗಳ ಹೆಸರೇ ಬದಲಾದವು.

ಅಗಲದ ಬಗ್ಗೆ ಒಂದೆರಡು ಮಾತು. ಕಾಲಮ್‌ವಿಡ್ತ್ ಅಳತೆ ಸೆಂಟಿಮೀಟರ್ ಅಲ್ಲ. ಸಾಮಾನ್ಯ ಅಕ್ಷರಶೈಲಿಯಲ್ಲಿ ಎಷ್ಟು ಸೊನ್ನೆಗಳು ಪಕ್ಕಪಕ್ಕ ಹಿಡಿಸುತ್ತವೆ ಎನ್ನುವ ಲೆಕ್ಕ. ಗರಿಷ್ಠ 255. ಆಟೋಫಿಟ್ ಅನ್ನು ಇಡೀ ಕಾಲಂ ಮೇಲೆ ಓಡಿಸಿದರೆ ಮೇಲಿನ ಉದ್ದದ ಶೀರ್ಷಿಕೆಗೆ ತಕ್ಕಂತೆ ಕಾಲಂ ಹಿಗ್ಗುತ್ತದೆ. ದತ್ತಾಂಶ ಇರುವ ರೇಂಜ್ ತೆಗೆದುಕೊಂಡು ಅದರ ಕಾಲಮ್ಸ್ ಮೇಲೆ ಮಾತ್ರ ಓಡಿಸಿ. ಸೆಲ್ ತುಂಬ ಹ್ಯಾಷ್ ಚಿಹ್ನೆ ಕಂಡರೆ ಬಹುತೇಕ ಜಾಗ ಸಾಲದೆ ಹಾಗಾಗಿದೆ, ಗಾಬರಿ ಬೇಡ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಕೆಂಪು ಬಣ್ಣ ಕೇಳಿದರೆ ನೀಲಿ ಬರುತ್ತದಲ್ಲ ಎಂದು ಒಬ್ಬರು ಕೇಳಿದರು. ವೆಬ್‌ನಲ್ಲಿ ಬಳಸುವ ಬಣ್ಣದ ಸಂಕೇತವನ್ನು ಹಾಗೇ ತಂದು ಹಾಕಿದರೆ ಹೀಗಾಗುತ್ತದೆ. ಅಲ್ಲಿ ಕೆಂಪು ಮೊದಲು, ಇಲ್ಲಿ ನೀಲಿ ಮೊದಲು. ಆರ್‌ಜಿಬಿ ಫಂಕ್ಷನ್‌ಗೆ ಮೂರು ಸಂಖ್ಯೆ ಕೊಡಿ, ತೊಂದರೆ ಇರುವುದಿಲ್ಲ.

ಬೇಡದ ಕಾಲಂ ಅಳಿಸುವಾಗ ಕೆಲವು ಉಳಿದುಬಿಡುತ್ತವೆ ಎಂದು ಇನ್ನೊಬ್ಬರು ಹೇಳಿದರು. ಐದನೆಯದನ್ನು ಅಳಿಸಿದರೆ ಆರನೆಯದು ಐದಾಗುತ್ತದೆ, ಲೂಪ್ ಮಾತ್ರ ಆರಕ್ಕೆ ಹೋಗಿರುತ್ತದೆ. ಬಲಗಡೆಯಿಂದ ಎಡಕ್ಕೆ ಬನ್ನಿ, ಲೂಪ್‌ನಲ್ಲಿ ಸ್ಟೆಪ್ ಮೈನಸ್ 1.

ಕೊನೆಯ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ವಿಳಾಸ ಬದಲಾಗುತ್ತದೆ ಅಂದಿರಿ, ಹೆಸರೂ ಬದಲಾದರೆ ಏನು ಮಾಡಬೇಕು ಎಂದರು. ನಿಜ, ಬದಲಾಗುತ್ತದೆ. ಕಣ್ಣಿಗೆ ಕಾಣದ ಹಾಗೂ ಬದಲಾಗುತ್ತದೆ. ತಲೆಬರಹದ ಕೊನೆಯಲ್ಲಿ ಒಂದು ಖಾಲಿ ಜಾಗ ಇದ್ದರೂ ಮ್ಯಾಚ್‌ಗೆ ಸಿಗುವುದಿಲ್ಲ. ಟ್ರಿಮ್ ಸಾಮಾನ್ಯ ಖಾಲಿ ಜಾಗ ತೆಗೆಯುತ್ತದೆ. ವೆಬ್ ಪುಟದಿಂದ ನಕಲು ಮಾಡಿದ ಪಟ್ಟಿಯಲ್ಲಿ 160 ಸಂಖ್ಯೆಯ ಇನ್ನೊಂದು ಬಗೆಯ ಖಾಲಿ ಜಾಗ ಇರುತ್ತದೆ, ಅದನ್ನು ಟ್ರಿಮ್ ಮುಟ್ಟುವುದಿಲ್ಲ. ಮೊದಲು ರೀಪ್ಲೇಸ್ ಬಳಸಿ ಅದನ್ನು ಸಾಮಾನ್ಯ ಜಾಗ ಮಾಡಿ, ಆಮೇಲೆ ಟ್ರಿಮ್. ಒಂದೇ ತಲೆಬರಹ ಎರಡು ಕಡೆ ಇದ್ದರೆ ಮ್ಯಾಚ್ ಮೊದಲನೆಯದನ್ನು ಕೊಟ್ಟು ಸುಮ್ಮನಾಗುತ್ತದೆ. ಅದಕ್ಕೇ ಕೌಂಟ್‌ಇಫ್‌ನಿಂದ ಎಣಿಸಿ, ಒಂದಕ್ಕಿಂತ ಜಾಸ್ತಿ ಇದ್ದರೆ ನಿಲ್ಲಿಸಿ. ತಲೆಬರಹದಲ್ಲೇ ಪ್ರಶ್ನೆ ಚಿಹ್ನೆ ಇದ್ದರೆ ಹುಡುಕುವ ಪದದಲ್ಲಿ ಅದಕ್ಕೆ ಮೊದಲು ಟಿಲ್ಡೆ ಚಿಹ್ನೆ (~) ಸೇರಿಸಿ.

ಪದವೇ ಬದಲಾದರೆ, ದಿನಾಂಕ ಹೋಗಿ ತಾರೀಕು ಬಂದರೆ, ಮ್ಯಾಕ್ರೋ ತಾನಾಗಿ ಊಹಿಸಬಾರದು ಎನ್ನುವುದು ನನ್ನ ಅಭಿಪ್ರಾಯ. ದಿನಾಂಕ ಸಿಗಲಿಲ್ಲ ಎಂದು ಹೇಳಿ ನಿಲ್ಲಲಿ. ನೀವು ಆ ಚಿಕ್ಕ ಶೀಟ್‌ಗೆ ಹೋಗಿ ಒಂದು ಸೆಲ್‌ನಲ್ಲಿ ತಾರೀಕು ಎಂದು ಬರೆದು ಮತ್ತೆ ಓಡಿಸಿ. ಎಡಿಟರ್ ತೆರೆಯುವ ಅಗತ್ಯವೇ ಬೀಳುವುದಿಲ್ಲ, ನೀವು ರಜೆಯಲ್ಲಿದ್ದ ದಿನ ಪಕ್ಕದವರೂ ಅದನ್ನು ಮಾಡಬಹುದು.